ಧ್ವಜವು ಹೋಗಲಾರದಲ್ಲಿಗೆ ಹೋದ ವ್ಯಾಪಾರಿ

ಪರರಾಷ್ಟ್ರವ್ಯವಹಾರವೆಂಬುದು ವಕೀಲರಿಗೂ ಸರಕಾರೀ ಅಧಿಕಾರಿಗಳಿಗೂ ಮೀಸಲಾದ ಹೊಲವೆಂದು ನಮ್ಮ ವಿದ್ಯಾವಂತರಲ್ಲಿ ಅನೇಕರು ಬಗೆದಿರುವರು. ತಕ್ಕಡಿ ಹಿಡಿದವನಿಗೆ ರಾಜಕಾರಣದ ಗೊಡವೆಯೇಕೆಂದು ಕೇಳುವವರೂ ಉಂಟು. ಅಂಥವರು ಜಪಾನದ ತಕಾಸಾಕಿ ತಾತ್ಸುನೊಸುಕೆಯವರ ಚರಿತ್ರವನ್ನೊಮ್ಮೆ ಅವಲೋಕಿಸಬೇಕು.

1885ರಲ್ಲಿ ಹುಟ್ಟಿದ ಇವರು ಕಲಿತದ್ದು ಕಾಯಿದೆಯನ್ನಲ್ಲ, ಮೀನುಗಾರಿಕೆಯ ವಿದ್ಯೆಯನ್ನು. ಮೆಕ್ಸಿಕೊ, ಅಮೇರಿಕೆಗಳಲ್ಲಿ ಅನುಭವ ಪಡೆದು ಬಂದು 1917ರಲ್ಲಿ ಓಸಾಕಾದಲ್ಲಿ ತವರದ ಡಬ್ಬಿಗಳ ಕಾರಖಾನೆಯನ್ನು ತೆರೆದರು. ಅದು ಬೆಳೆಯಿತು, ಅವರ ಹೆಸರೂ ಬೆಳೆಯಿತು. 1942ರಲ್ಲಿ ಮಂಚೂರಿಯದ ಭಾರೀ ಉದ್ಯಮಸಂಸ್ಥೆಯ ಅಧ್ಯಕ್ಷರಾದರು. ಆ ಸಂಸ್ಥೆಯು ನಿಂತದ್ದು ಜಪಾನೀ ಸೈನ್ಯವು ಚೀನದಿಂದ ಕಿತ್ತುಕೊಂಡ ನೆಲದ ಮೇಲೆ. ಈ ಮಾತನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನ್ಯಾಯವಾಗದು.

ಆದರೆ ಮನುಷ್ಯನ ನಿಜವಾದ ಪರೀಕ್ಷೆ ನಡೆದದ್ದು 1945ರ ಪರಾಭವದ ತರುವಾಯ. ತಕಾಸಾಕಿಯವರು ಮಂಚೂರಿಯದಲ್ಲಿಯೇ ಉಳಿದು, ಅಲ್ಲಿ ನಿರಾಶ್ರಿತರಾದ ಜಪಾನೀಯರ ಸಂಘದ ಮುಂದಾಳಾಗಿ ನಿಂತರು. ರಶಿಯನರು, ಚೀನದ ಕಮ್ಯೂನಿಸ್ಟರು, ರಾಷ್ಟ್ರೀಯ ಪಕ್ಷದವರು — ಅಧಿಕಾರವು ಕೈಯಿಂದ ಕೈಗೆ ಹೋದಂತೆಲ್ಲ ಎಲ್ಲರೊಡನೆಯೂ ಇವರೇ ಮಾತಾಡಬೇಕಾಯಿತು. ಬೆನ್ನ ಹಿಂದೆ ಸೈನ್ಯವಿಲ್ಲ, ಸರಕಾರವಿಲ್ಲ, ಮಾತೊಂದೇ ಬಂಡವಾಳ. ಅವರು ಸ್ವದೇಶಕ್ಕೆ ಮರಳಿದ್ದು 1947ರಲ್ಲಿ. ಮುತ್ಸದ್ದಿತನದ ಪಾಠಶಾಲೆ ಇದಕ್ಕಿಂತ ಬೇರೆ ಯಾವುದಿದ್ದೀತು?

1954ರಲ್ಲಿ ಹಾತೊಯಾಮಾ ಮಂತ್ರಿಮಂಡಲವನ್ನು ಸೇರಿದರು. ಮರುವರ್ಷ ಲೋಕಪ್ರತಿನಿಧಿಯಾಗಿ ಚುನಾಯಿತರಾದರು. ಅದೇ 1955ರ ಎಪ್ರಿಲದಲ್ಲಿ ಬಾಂಡುಂಗಿನಲ್ಲಿ ನೆರೆದ ಏಶಿಯಾ-ಆಫ್ರಿಕಾ ಪರಿಷತ್ತಿಗೆ ಜಪಾನದ ಮುಖ್ಯ ಪ್ರತಿನಿಧಿಯಾಗಿ ಹೋದರು. ನಮ್ಮ ನೆಹರೂರವರೂ ಅಲ್ಲಿದ್ದರು. ಚೀನದ ಪ್ರಧಾನಿ ಚೌ ಎನ್-ಲಾಯ್ ಅವರೊಡನೆ ತಕಾಸಾಕಿಯವರ ಪರಿಚಯವಾದದ್ದು ಆಗಲೇ. ಆಗ ಜಪಾನವು ಮನ್ನಿಸುತ್ತಿದ್ದುದು ತೈಪೆಯ ಸರಕಾರವನ್ನು. ಪೀಕಿಂಗಿನಲ್ಲಿ ಅದಕ್ಕೆ ರಾಯಭಾರಿಯೇ ಇರಲಿಲ್ಲ.

ಬಾಗಿಲು ಮುಚ್ಚಿದ್ದರೂ ಕಿಟಕಿಯನ್ನು ತೆರೆಯಲು ವ್ಯಾಪಾರಿಯು ಬಲ್ಲನು! 1962ರ ನವೆಂಬರದಲ್ಲಿ ಪೀಕಿಂಗಿಗೆ ಹೋಗಿ, ಲಿಯಾವ್ ಚೆಂಗ್-ಚಿಯವರೊಡನೆ ಐದು ವರ್ಷಗಳ ವ್ಯಾಪಾರದ ಒಪ್ಪಂದಕ್ಕೆ ಸಹಿ ಮಾಡಿದರು. (ಲಿಯಾವ್ ಹುಟ್ಟಿದ್ದು ಟೋಕಿಯೋದಲ್ಲಿ, ಜಪಾನೀ ಭಾಷೆಯನ್ನು ಮನೆಮಾತಿನಂತೆ ಆಡಬಲ್ಲವರು.) ಜಪಾನದಿಂದ ಉಕ್ಕು, ರಸಗೊಬ್ಬರ, ಚೀನದಿಂದ ಕಲ್ಲಿದ್ದಲು, ಕಬ್ಬಿಣದ ಅದಿರು, ಸೋಯಾ ಅವರೆ. ಹೆಸರಿಗೆ ಖಾಸಗಿ ಒಪ್ಪಂದ. ಆದರೆ ಎರಡೂ ಸರಕಾರಗಳಿಗೆ ಅರಿವಿಲ್ಲದೆ ಅದು ನಡೆದುದೇನೂ ಅಲ್ಲ. ಇದನ್ನು ಕಪಟವೆಂದು ಜರೆಯುವವರಿರಬಹುದು. ನಮಗಾದರೋ ಇದು ಎರಡು ಕಡೆಯ ಮಾನವನ್ನೂ ಉಳಿಸಿದ ಜಾಣತನವೆಂದೇ ತೋರುತ್ತದೆ. ಉಭಯ ರಾಷ್ಟ್ರಗಳ ನಡುವೆ ವಿಧಿವತ್ತಾದ ರಾಯಭಾರಸಂಬಂಧವು ಏರ್ಪಟ್ಟದ್ದು 1972ರಲ್ಲಿ. ಆ ಹತ್ತು ವರ್ಷಗಳ ದಾರಿಯನ್ನು ತುಳಿದು ಸವೆಸಿದವರು ವ್ಯಾಪಾರಿಗಳು.

ಬಾಳಿನ ಕೊನೆಯಲ್ಲಿ ಅವರ ಚಿತ್ತವು ಮತ್ತೆ ಕಡಲಿಗೇ ಹೊರಳಿತು. ಹೊಕ್ಕೈಡೋದ ಮೂಡಲ ತುದಿಯ ಕಿರುದ್ವೀಪಗಳು 1945ರಿಂದ ರಶಿಯದ ವಶದಲ್ಲಿದ್ದವು. ಕಡಲಪಾಚಿಯನ್ನು ಕೊಯ್ಯಲು ಹೋದ ಬಡ ಬೆಸ್ತರು ಸೆರೆಸಿಕ್ಕುತ್ತಿದ್ದರು. ಗಡಿಯ ವಾದವು ತೀರುವ ಲಕ್ಷಣವಿರಲಿಲ್ಲ. ತಕಾಸಾಕಿಯವರು ಗಡಿಯ ಮಾತನ್ನೆತ್ತದೆ, ಮೀನುಗಾರಿಕೆಯ ಸಂಘದ ಪರವಾಗಿ ರಶಿಯದೊಡನೆ 1963ರಲ್ಲಿ ಕರಾರು ಮಾಡಿಕೊಂಡರು. ಬೆಸ್ತರು ಶುಲ್ಕ ತೆತ್ತು ಕೈಗರಾ ದ್ವೀಪದ ನೀರಿನಲ್ಲಿ ನಿರ್ಭಯವಾಗಿ ದೋಣಿ ಇಳಿಸುವಂತಾಯಿತು. ಮರುವರ್ಷ ಫೆಬ್ರವರಿಯಲ್ಲಿ ತಕಾಸಾಕಿಯವರು ತೀರಿಕೊಂಡರು.