ಟಗರುಮರಿಗಳನ್ನು ಕಟ್ಟಿ ಮೇಯಿಸುವವರು ಮೊದಲ ಮೂರು ವಾರಗಳಲ್ಲಿ ಗಮನಿಸತಕ್ಕ ಸಂಗತಿಗಳು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ದನಕುರಿಗಳ ಮೇವೆಂದರೆ ಹಿಂದೆ ಬಿಳಿಜೋಳದ ಕಣಿಕೆಯೇ ಮುಖ್ಯವಾಗಿದ್ದಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟ ತರುವಾಯ ಕಾಲಕ್ರಮದಲ್ಲಿ ಎಡದಂಡೆ ಕಾಲುವೆಯು ಮಾನ್ವಿ, ರಾಯಚೂರು ತಾಲ್ಲೂಕುಗಳಿಗೆ ಬಂದಿತು. ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದ ಹೊಲಗಳಿಗೂ ನೀರು ದೊರೆಯಿತು. ಎಲ್ಲಿ ನೀರು ನಿಂತಿತೋ ಅಲ್ಲಿ ಜೋಳವು ಹೋಗಿ ಭತ್ತವು ಬಂದಿತು. ಬೆಳೆಯು ಬದಲಾದಂತೆ ಬಣವೆಯೂ ಬದಲಾಯಿತೆಂಬುದನ್ನು ಒಕ್ಕಲಿಗರು ಬಲ್ಲರು. ಆದರೆ ಬಣವೆಯು ಬದಲಾದಾಗ ಮೇಯಿಸುವ ಕ್ರಮವೂ ಬದಲಾಗಬೇಕೆಂಬುದನ್ನು ಬಹುಮಂದಿ ಇನ್ನೂ ಮನಸ್ಸಿಗೆ ತಂದುಕೊಂಡಂತೆ ಕಾಣುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳ ಜಮೀನುದಾರರಲ್ಲಿ ಅನೇಕರು ಸಂತೆಯಿಂದ ಇಪ್ಪತ್ತು ಮೂವತ್ತು ಟಗರುಮರಿಗಳನ್ನು ಕೊಂಡು ತಂದು, ಹೊಲದ ಮನೆಯ ಬಳಿ ದೊಡ್ಡಿ ಕಟ್ಟಿ, ಮೂರು ತಿಂಗಳು ಮೇಯಿಸಿ, ಬಕ್ರೀದಿಗೋ ಊರಜಾತ್ರೆಗೋ ಮಾರುವ ಉದ್ಯೋಗವನ್ನು ಕೈಗೊಂಡಿರುವರು. ಉದ್ಯೋಗವೇನೋ ಒಳ್ಳೆಯದೇ ಸರಿ. ತೊಗರಿಯ ಹೊಟ್ಟು, ಶೇಂಗಾ ಹೊಟ್ಟು, ಹತ್ತಿಕಾಳಿನ ಹಿಂಡಿ, ಅಕ್ಕಿ ಗಿರಣಿಯ ತೌಡು ಇವೆಲ್ಲವೂ ಇಷ್ಟು ಹತ್ತಿರದಲ್ಲಿ ಒಟ್ಟಿಗೆ ದೊರೆಯುವ ಸೀಮೆಗಳು ವಿರಳ. ಕೆಂಗುರಿಯಂತಹ, ಈ ಬಿಸಿಲಿಗೇ ಹುಟ್ಟಿ ಬೆಳೆದ ಕುರಿಯ ತಳಿಯೂ ಇಲ್ಲಿಯದೇ ಆಗಿದೆ. ಹೀಗಿದ್ದರೂ ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿ ನೋಡಿದವರಲ್ಲಿ ಕೆಲವರಿಗೆ ಕೈಗೆ ಬಂದುದು ಗೊಬ್ಬರ ಮಾತ್ರ. ಅಂತಹವರು ಮೇವಿನ ಬೆಲೆಯನ್ನೋ ದಲ್ಲಾಳಿಯನ್ನೋ ದೂರುವುದುಂಟು. ಆದರೆ ವಿಚಾರಿಸಿ ನೋಡಿದರೆ ನಷ್ಟದ ಬಹುಭಾಗವು ಮಾರಾಟದ ದಿನ ಆದುದಲ್ಲ; ಮರಿಗಳು ದೊಡ್ಡಿಗೆ ಬಂದ ಮೊದಲ ಇಪ್ಪತ್ತೊಂದು ದಿನಗಳಲ್ಲಿಯೇ ಆಗಿಹೋದುದು.

ಲೆಕ್ಕವು ಸುಲಭವಾಗಿದೆ. 15 ಕಿಲೋ ತೂಕದ ಮರಿಯನ್ನು ಕೊಂಡು, ಅದು ದಿನಕ್ಕೆ 100 ಗ್ರಾಂ ಏರಿದರೆ, 90 ದಿನಗಳಲ್ಲಿ 9 ಕಿಲೋ ಹೆಚ್ಚುತ್ತದೆ. ಇಪ್ಪತ್ತರಲ್ಲಿ ಒಂದು ಮರಿ ಸತ್ತರೆ ಅದರ 15 ಕಿಲೋ ತುಂಬಿಕೊಳ್ಳುವುದಕ್ಕೆ ಬೇರೆ ಎರಡು ಮರಿಗಳು ಮೂರು ತಿಂಗಳು ತಿಂದು ಬೆಳೆದುದು ಬಹುಮಟ್ಟಿಗೆ ವ್ಯಯವಾಗುತ್ತದೆ. ಆ ಎರಡಕ್ಕೂ ಹಾಕಿದ ಹಿಂಡಿಯ ಬೆಲೆ ಬೇರೆ. ಸಾಯದೆ ಬರಿದೆ ಕಾಯಿಲೆಬಿದ್ದು ಎದ್ದ ಮರಿಯೂ ಇಪ್ಪತ್ತು ದಿನ ತಿಂದುದನ್ನು ಮೈಗೂಡಿಸಿಕೊಳ್ಳಲಾರದು. ಈ ನಷ್ಟವನ್ನು ಯಾರೂ ವಹಿಯಲ್ಲಿ ಬರೆದಿಡುವುದಿಲ್ಲವಾದ ಕಾರಣ ಅದು ಕಣ್ಣಿಗೆ ಬೀಳುವುದೂ ಇಲ್ಲ.

ಸಂತೆಯ ಮರಿಯು ಹೇಗೆ ಬರುವುದೆಂಬುದನ್ನು ಸ್ವಲ್ಪ ಯೋಚಿಸಬೇಕು. ನಾಲ್ಕಾರು ಊರುಗಳ ಹಿಂಡುಗಳಿಂದ ಬಂದ ಮರಿಗಳು ಒಂದೇ ಬಯಲಿನಲ್ಲಿ ದಿನವೆಲ್ಲಾ ಮೈಗೆ ಮೈ ತಾಗಿಸಿ ನಿಂತಿರುತ್ತವೆ, ನೀರಿಲ್ಲ, ನೆರಳಿಲ್ಲ, ಸಂಜೆಗೆ ಗಾಡಿಯಲ್ಲಿ ಒತ್ತೊತ್ತಾಗಿ ತುಂಬಿ ತರುತ್ತಾರೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದಂತಹ ದೂರದ ಸಂತೆಗಳಿಂದ ಬಂದವಾದರೆ ಆಯಾಸವು ಇನ್ನೂ ಹೆಚ್ಚು. ಆಡುಕುರಿಗಳ ಹಿರೇಬೇನೆ, ಅಂದರೆ ಪಿ.ಪಿ.ಆರ್. ಎಂದು ಪಶುವೈದ್ಯರು ಕರೆಯುವ ರೋಗಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಈ ರೋಗದ ಮರಿಗೆ ಮೊದಲು ಕಡು ಜ್ವರ, ಬಳಿಕ ಕಣ್ಣುಮೂಗುಗಳಿಂದ ಸುರಿತ, ಬಾಯಲ್ಲಿ ಹುಣ್ಣು, ನಾರುವ ಭೇದಿ, ಕೊನೆಗೆ ಉಬ್ಬಸ. ಸೋಂಕು ತಗುಲಿದ ಮೂರರಿಂದ ಹತ್ತು ದಿನಗಳವರೆಗೆ ಮರಿಯು ನೋಡುವವರಿಗೆ ಚೆನ್ನಾಗಿಯೇ ಇರುತ್ತದೆ. ಆದುದರಿಂದ ಸಂತೆಯಲ್ಲಿ ಹಲ್ಲು, ಬೆನ್ನು, ತೊಡೆ ಮುಟ್ಟಿ ನೋಡಿ ಕೊಂಡೆನೆಂಬ ಧೈರ್ಯವು ಈ ವಿಷಯದಲ್ಲಿ ಪ್ರಯೋಜನಕ್ಕೆ ಬಾರದು.

ಇದಕ್ಕಾಗಿಯೇ ಹೊಸ ಮರಿಗಳನ್ನು ಮೂರು ವಾರ ಪ್ರತ್ಯೇಕವಾಗಿ ಇರಿಸತಕ್ಕದ್ದು. ಪ್ರತ್ಯೇಕವೆಂದರೆ ಅದೇ ದೊಡ್ಡಿಯ ನಡುವೆ ಒಂದು ಬಿದಿರಿನ ತಟ್ಟಿ ಕಟ್ಟುವುದಲ್ಲ. ಹಳೆಯ ಮರಿಗಳಿಂದ ದೂರದಲ್ಲಿ, ಬೇರೆ ಗೋದಲಿ, ಬೇರೆ ನೀರಿನ ತೊಟ್ಟಿ, ಬೇರೆ ಬಕೀಟು ಇರಬೇಕು. ಒಬ್ಬನೇ ಆಳು ಎರಡನ್ನೂ ನೋಡುವುದಾದರೆ ಮೊದಲು ಹಳೆಯವನ್ನು ಮುಗಿಸಿ, ಕಡೆಗೆ ಹೊಸವುಗಳ ಬಳಿಗೆ ಹೋಗಿ, ಕೈಕಾಲು ತೊಳೆದುಕೊಂಡು ಹೊರಗೆ ಬರತಕ್ಕದ್ದು. ಇದಕ್ಕೆ ಖರ್ಚೆಂದರೆ ನಾಲ್ಕು ಗಳು, ಒಂದು ಚಪ್ಪರ. ಇಷ್ಟಕ್ಕೂ ಜಾಗವಿಲ್ಲವೆನ್ನುವವರು ಒಂದೇ ಬಾರಿಗೆ ಎಲ್ಲಾ ಮರಿಗಳನ್ನು ಕೊಂಡು ತಂದು, ಎಲ್ಲವನ್ನೂ ಒಂದೇ ಬಾರಿಗೆ ಮಾರಿ, ನಡುವೆ ಒಂದು ಮರಿಯನ್ನೂ ಸೇರಿಸದಿರುವುದು ಲೇಸು. ವಾರವಾರವೂ ಎರಡೆರಡು ಮರಿ ತಂದು ಸೇರಿಸುವ ಅಭ್ಯಾಸವು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಮೇವಿನ ವಿಷಯ. ಮೂರು ತಿಂಗಳಲ್ಲಿ ಕೊಬ್ಬಬೇಕಲ್ಲವೆ ಎಂದು ಬಂದ ಮರುದಿನವೇ ಮೆಕ್ಕೆಜೋಳವನ್ನು ಗೋದಲಿ ತುಂಬ ಸುರಿಯುವವರಿದ್ದಾರೆ. ಕುರಿಯ ಮೆಲುಕು ಹೊಟ್ಟೆಯಲ್ಲಿ ನಾರಿನ ಮೇವನ್ನು ಕರಗಿಸುವ ಸೂಕ್ಷ್ಮಜೀವಿಗಳು ಬೇರೆ, ಕಾಳನ್ನು ಕರಗಿಸುವವು ಬೇರೆ. ಹಿಂಡಿನಲ್ಲಿ ಹುಲ್ಲು ಸೊಪ್ಪು ಮೇಯ್ದು ಬೆಳೆದ ಮರಿಯ ಹೊಟ್ಟೆಯು ಕಾಳಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಅವಸರಪಡಿಸಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಮರಿಯು ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ ಮಲಗುತ್ತದೆ. ಇದಕ್ಕಿಂತ ಘೋರವಾದುದು ಕರುಳು ಬೇನೆ. ಇದರ ರೋಗಾಣುಗಳು ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತವೆ. ಒಮ್ಮೆಲೇ ಬಲವಾದ ಮೇವು ಸಿಕ್ಕಾಗ ಅವು ಮಿತಿಮೀರಿ ಹೆಚ್ಚಿ ವಿಷವನ್ನು ಉಂಟುಮಾಡುತ್ತವೆ. ಎಲ್ಲರಿಗಿಂತ ಮೊದಲು ಗೋದಲಿಗೆ ನುಗ್ಗಿ ಹೆಚ್ಚು ತಿನ್ನುವ ಗಟ್ಟಿ ಮರಿಯೇ ಹೆಚ್ಚಾಗಿ ಇದಕ್ಕೆ ಬಲಿ. ರಾತ್ರಿ ಚೆನ್ನಾಗಿದ್ದ, ದೊಡ್ಡಿಯಲ್ಲೆಲ್ಲಾ ಅಂದವಾದ ಮರಿಯು ಬೆಳಗ್ಗೆ ಸತ್ತು ಬಿದ್ದಿರುವುದನ್ನು ಕಂಡವರು ದೃಷ್ಟಿ ತಾಗಿತೆಂದು ತಿಳಿದು ದೊಡ್ಡಿಯ ಬಾಗಿಲಿಗೆ ಲಿಂಬೆಹಣ್ಣು ಕಟ್ಟುತ್ತಾರೆ. ಕಟ್ಟಲಿ, ಬಾಧಕವಿಲ್ಲ, ಆದರೆ ಲಸಿಕೆಯನ್ನು ಹಾಕಿಸದೆ ಲಿಂಬೆಹಣ್ಣನ್ನು ಮಾತ್ರ ಕಟ್ಟಿದರೆ ಮುಂದಿನ ವಾರ ಇನ್ನೊಂದು ಅಂದವಾದ ಮರಿಯು ಹೋಗುತ್ತದೆ.

ಲಸಿಕೆಯ ದಿನಗಳೂ ಮೇವು ಏರಿಸುವ ದಿನಗಳೂ ಒಂದಕ್ಕೊಂದು ಹೊಂದಿಕೊಳ್ಳುವುದು ಒಕ್ಕಲಿಗನ ಪಾಲಿಗೆ ಅನುಕೂಲವೇ ಆಗಿದೆ. ಬಂದ ದಿನ ನೆರಳು, ಸ್ವಲ್ಪ ಬೆಲ್ಲ ಉಪ್ಪು ಕದಡಿದ ನೀರು, ಒಣ ಹೊಟ್ಟು ಇಷ್ಟೇ ಸಾಕು, ಕಾಳು ಸಲ್ಲದು. ಎರಡು ಮೂರು ದಿನ ಸುಧಾರಿಸಿಕೊಂಡ ಬಳಿಕ ಪಶುವೈದ್ಯರಿಗೆ ತೋರಿಸಿ, ಹಿಕ್ಕೆಯನ್ನು ಪರೀಕ್ಷಿಸಿ ಜಂತಿನ ಔಷಧವನ್ನು ಕುಡಿಸತಕ್ಕದ್ದು. ಮರಿಗಳು ನಾಲ್ಕು ತಿಂಗಳು ತುಂಬಿ ಜ್ವರವಿಲ್ಲದೆ ಇದ್ದರೆ ವೈದ್ಯರು ಹೇಳಿದ ಅಂತರದಲ್ಲಿ ಹಿರೇಬೇನೆಯ ಲಸಿಕೆಯನ್ನೂ ಕರುಳು ಬೇನೆಯ ಮೊದಲ ಲಸಿಕೆಯನ್ನೂ ಹಾಕಿಸಬೇಕು. ಐದನೆಯ ದಿನದಿಂದ ಮರಿಯೊಂದಕ್ಕೆ 50 ಗ್ರಾಂ ಕಾಳುಹಿಂಡಿಯ ಮಿಶ್ರಣವನ್ನು ಆರಂಭಿಸಿ, ನಾಲ್ಕು ದಿನಗಳಿಗೊಮ್ಮೆ 50 ಗ್ರಾಂ ಏರಿಸುತ್ತ ಹೋದರೆ ಮೂರು ವಾರ ಮುಗಿಯುವ ಹೊತ್ತಿಗೆ 250 ಗ್ರಾಂ ಆಗುತ್ತದೆ. ಕರುಳು ಬೇನೆಯ ಎರಡನೆಯ ಲಸಿಕೆಯೂ ಮೊದಲನೆಯದಾದ ಎರಡು ಮೂರು ವಾರಗಳಿಗೆ ಬೀಳುವುದರಿಂದ, ಹೊಟ್ಟೆತುಂಬ ಹಿಂಡಿ ತಿನ್ನುವ ದಿನಗಳು ಬರುವಷ್ಟರಲ್ಲಿ ಮರಿಗೆ ರಕ್ಷಣೆಯೂ ಬಂದಿರುತ್ತದೆ. ಒಂದೇ ಲಸಿಕೆಗೆ ನಿಲ್ಲಿಸಿ, ಎರಡನೆಯದಕ್ಕೆ ಸಮಯವಾಗಲಿಲ್ಲವೆನ್ನುವುದು ಅರ್ಧ ಕಟ್ಟಿದ ಒಡ್ಡಿನಂತೆ.

ಮಿಶ್ರಣವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಡೆದ ಜೋಳ ಅಥವಾ ಮೆಕ್ಕೆಜೋಳ 40 ಪಾಲು, ಶೇಂಗಾ ಹಿಂಡಿ 20 ಪಾಲು, ಬೇಳೆ ಗಿರಣಿಯ ತೊಗರಿ ನುಚ್ಚು ಸಿಪ್ಪೆ 22 ಪಾಲು, ತೌಡು 15 ಪಾಲು, ಖನಿಜ ಮಿಶ್ರಣ 2 ಪಾಲು, ಉಪ್ಪು 1 ಪಾಲು. ಬೂಷ್ಟು ಹಿಡಿದ ಶೇಂಗಾ ಹಿಂಡಿಯು ಎಷ್ಟು ಅಗ್ಗವಾಗಿ ದೊರೆತರೂ ಬೇಡ; ಅದರ ವಿಷವು ಮರಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸು ಎಮ್ಮೆಗಳಿಗಾಗಿ ಮಾಡಿದ ಖನಿಜ ಮಿಶ್ರಣವನ್ನು ಕುರಿಗೆ ಹಾಕುವುದು ಇನ್ನೊಂದು ತಪ್ಪು. ದನಗಳಿಗೆ ಬೇಕಾದಷ್ಟು ತಾಮ್ರವನ್ನು ಕುರಿಯು ತಾಳಲಾರದು. ಕುರಿಗೆಂದೇ ಮಾಡಿದುದನ್ನು ಕೇಳಿ ತರಬೇಕು.

ತೌಡಿನ ಪಾಲು ಇಷ್ಟೇ ಏಕೆಂದು ಮಾನ್ವಿ ಕಡೆಯ ರೈತರು ಕೇಳಬಹುದು. ಅಲ್ಲಿ ಗಿರಣಿಗಳ ತೌಡು ಸುಲಭವಾಗಿ ಸಿಗುತ್ತದೆ. ತೌಡಿನಲ್ಲಿ ರಂಜಕವು ಹೆಚ್ಚು, ಸುಣ್ಣದ ಅಂಶವು ತೀರ ಕಡಿಮೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟೆಂಬ ಪದಾರ್ಥವೋ ಇರುವ ಸುಣ್ಣವನ್ನೂ ಮೈಗೆ ಹತ್ತಗೊಡುವುದಿಲ್ಲ. ತೌಡು ಮತ್ತು ಭತ್ತದ ಹುಲ್ಲು ಇವೆರಡರ ಮೇಲೆಯೇ ಬೆಳೆದ ಟಗರಿಗೆ ಮೂತ್ರದಲ್ಲಿ ಹರಳು ಕಟ್ಟುವ ಭಯವುಂಟು. ಟಗರಿನ ಮೂತ್ರನಾಳವು ಕಿರಿದು. ಸಣ್ಣದೊಂದು ಹರಳೂ ಸಿಕ್ಕಿಕೊಳ್ಳುತ್ತದೆ. ಟಗರು ಪದೇಪದೇ ಬೆನ್ನು ಬಾಗಿಸಿ ತಿಣುಕುವುದು, ಹನಿಹನಿಯಾಗಿ ಮೂತ್ರ ಬರುವುದು, ಬಾಲವನ್ನು ಅದುರಿಸುವುದು ಕಂಡರೆ ಅದನ್ನು ಮಲಬದ್ಧತೆಯೆಂದು ಎಣ್ಣೆ ಕುಡಿಸುತ್ತ ಕೂಡದೆ ಆ ದಿನವೇ ವೈದ್ಯರನ್ನು ಕರೆಯಬೇಕು. ಕಾಳುಹಿಂಡಿಯ ಮೇವಿನಲ್ಲಿ ರಂಜಕದ ಎರಡರಷ್ಟು ಸುಣ್ಣದ ಅಂಶವಿರುವಂತೆ ಮೇವಿಗೆಂದು ಮಾರುವ ಸುಣ್ಣಕಲ್ಲಿನ ಪುಡಿಯನ್ನು ವೈದ್ಯರನ್ನು ಕೇಳಿ ಸೇರಿಸುವುದು, ಉಪ್ಪನ್ನು ತಪ್ಪಿಸದಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಹಗಲಿರುಳೂ ತಿಳಿನೀರು ಇರುವಂತೆ ನೋಡಿಕೊಳ್ಳುವುದು, ಇವೇ ತಡೆಯುವ ಮಾರ್ಗಗಳು.

ಹಾಗಾದರೆ ಭತ್ತದ ಹುಲ್ಲನ್ನು ಏನು ಮಾಡತಕ್ಕದ್ದು? ಗದ್ದೆಯಲ್ಲಿ ಬೆಂಕಿ ಹಚ್ಚುವುದಂತೂ ಸರ್ವಥಾ ಸರಿಯಲ್ಲ. ಅದರಲ್ಲಿ ಪುಷ್ಟಿಯ ಅಂಶವು ನೂರಕ್ಕೆ ಮೂರು ನಾಲ್ಕು ಮಾತ್ರ. ಬೆಳೆಯುವ ಮರಿಗೆ ಅದೊಂದೇ ಸಾಲದು, ಎತ್ತು ಎಮ್ಮೆಗಳಿಗೆ ಸಾಕಾಗುವಂತೆ ಮಾಡಿಕೊಳ್ಳಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಪೂರಾ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಹೊದಿಸಿ 21 ದಿನ ಬಿಟ್ಟು, ಹಾಕುವ ಮುನ್ನ ಕೆಲವು ಗಂಟೆ ಗಾಳಿಗೆ ಹರಡಿದರೆ ದನಗಳು ಇಷ್ಟಪಟ್ಟು ತಿನ್ನುತ್ತವೆ. ಯೂರಿಯಾ ನೀರಿನ ಪಾತ್ರೆಯನ್ನು ದನಗಳ ಬಾಯಿಗೆ ಸಿಕ್ಕದಂತೆ ಇಡಬೇಕು. ಆರು ತಿಂಗಳೊಳಗಿನ ಮರಿ ಕರುಗಳಿಗೆ ಈ ಹುಲ್ಲು ಬೇಡ. ಹೀಗೆ ಎತ್ತುಗಳು ಭತ್ತದ ಹುಲ್ಲಿಗೆ ಹೊಂದಿಕೊಂಡರೆ, ಅವು ತಿಂದು ಮುಗಿಸುತ್ತಿದ್ದ ತೊಗರಿ ಹೊಟ್ಟೂ ಶೇಂಗಾ ಹೊಟ್ಟೂ ಮರಿಗಳ ಪಾಲಿಗೆ ಉಳಿಯುತ್ತದೆ. ದೇವದುರ್ಗದ ಮಳೆಯಾಶ್ರಯದ ಹೊಲಗಳಲ್ಲಿ ತೊಗರಿ ಬೆಳೆದು ಹೊಟ್ಟನ್ನು ಕಣದಲ್ಲಿಯೇ ಬಿಡುವವರೂ, ಮಾನ್ವಿಯಲ್ಲಿ ಹೊಟ್ಟಿಲ್ಲದೆ ಪರದಾಡುವವರೂ ಒಬ್ಬರನ್ನೊಬ್ಬರು ಅರಸಿಕೊಂಡರೆ ಇಬ್ಬರಿಗೂ ಲಾಭ.

ಅವಸರಕ್ಕೆ ಇನ್ನೊಂದು ಕಾರಣವುಂಟು. ಬಕ್ರೀದು ಚಾಂದ್ರಮಾನದ ಹಬ್ಬವಾದ್ದರಿಂದ ವರ್ಷಕ್ಕೆ ಹನ್ನೊಂದು ದಿನಗಳಷ್ಟು ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಜೂನ್ ಕೊನೆಗೆ ಬಂದುದು 2025ರಲ್ಲಿ ಜೂನ್ ಮೊದಲ ವಾರಕ್ಕೆ ಬಂದಿತು. ಹಿಂದಿನ ವರ್ಷದ ತಾರೀಖಿಗೇ ಮರಿ ಕೊಳ್ಳುವವರಿಗೆ ದಿನಗಳು ಸಾಲದೆ ಬಂದು, ಅವರು ಆ ಮೂರು ವಾರಗಳನ್ನೇ ಕತ್ತರಿಸುತ್ತಾರೆ. ಹಬ್ಬದಿಂದ ಹಿಂದಕ್ಕೆ 90 ದಿನವಲ್ಲ, 111 ದಿನ ಎಣಿಸಿ ಮರಿ ಕೊಳ್ಳತಕ್ಕದ್ದು. ಈ ಕಾಲವು ರಾಯಚೂರಿನ ಬೇಸಗೆಯಲ್ಲಿ ಬೀಳುವುದರಿಂದ ತಗಡಿನ ಚಾವಣಿಯ ಮೇಲೆ ಹುಲ್ಲು ಹರಡಿ, ಕಾಳುಹಿಂಡಿಯನ್ನು ನಸುಕಿನಲ್ಲೂ ಹೊತ್ತು ಮುಳುಗಿದ ಮೇಲೂ ಹಾಕುವುದು ಯುಕ್ತ. ಮರಿಯೊಂದಕ್ಕೆ 10 ಚದರ ಅಡಿಗಿಂತ ಕಡಿಮೆ ಜಾಗವಿರಬಾರದು.

ಇಷ್ಟೆಲ್ಲವನ್ನೂ ದೊಡ್ಡಿಯ ಯಜಮಾನನ ಸ್ವಂತ ಲಾಭನಷ್ಟವೆಂದು ಗ್ರಾಮದ ಹಿರಿಯರು ಕೈಬಿಡುವಂತಿಲ್ಲ. ದೊಡ್ಡಿಯ ಹಿಂದಿನ ಬೀಳಿನಲ್ಲಿ ಕುರುಬರ ಹಿಂಡು ಮೇಯುತ್ತದೆ; ದೊಡ್ಡಿಯ ಮರಿಗಳು ನೀರು ಕುಡಿದ ಹಳ್ಳದಲ್ಲಿಯೇ ಆ ಹಿಂಡೂ ಕುಡಿಯುತ್ತದೆ. ಜಮೀನುದಾರನ ಇಪ್ಪತ್ತು ಮರಿಗಳಲ್ಲಿ ನಾಲ್ಕು ಸತ್ತರೆ ಅವನಿಗೆ ಹೊಲವಿದೆ, ಭತ್ತವಿದೆ. ಕುರುಬನಿಗೆ ಆ ಹಿಂಡೇ ಹೊಲ, ಹಿಂಡೇ ಭತ್ತ. ಒಬ್ಬನು ಸಂತೆಯಿಂದ ತಂದ ಬೇನೆಯನ್ನು ಇನ್ನೊಬ್ಬನು ತನ್ನ ಬದುಕಿನಿಂದ ತೀರಿಸುವುದು ನ್ಯಾಯವಲ್ಲ. ದನಗಳ ದೊಡ್ಡರೋಗವು ಲಸಿಕೆಯಿಂದಲೂ ಕಾವಲಿನಿಂದಲೂ 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಅದೇ ಜಾತಿಯ ರೋಗಾಣುವಿನಿಂದ ಬರುವ ಕುರಿಗಳ ಹಿರೇಬೇನೆಯನ್ನೂ 2030ರೊಳಗಾಗಿ ಇಲ್ಲವಾಗಿಸಬೇಕೆಂಬುದು ಲೋಕದ ರಾಷ್ಟ್ರಗಳ ಸಂಕಲ್ಪ. ಆದರೆ ಹಿಂಡಿಗೆಲ್ಲಾ ಲಸಿಕೆಯಾಗಿ ದೊಡ್ಡಿಗೆ ಆಗದಿದ್ದರೆ ರೋಗಕ್ಕೆ ಊರಲ್ಲಿ ಮನೆಯೊಂದು ಉಳಿದಂತೆಯೇ ಸರಿ.

ಆದಕಾರಣ ಪ್ರತಿ ಗ್ರಾಮದಲ್ಲಿಯೂ ಹೊರಗಿನಿಂದ ಮರಿ ತಂದವರು ಆ ವಾರದಲ್ಲಿಯೇ ಪಂಚಾಯಿತಿಗೂ ಪಶುಚಿಕಿತ್ಸಾಲಯಕ್ಕೂ ತಿಳಿಸುವ ಏರ್ಪಾಡು ಆಗಬೇಕು; ಲಸಿಕೆಯ ತಂಡವು ಬರುವ ದಿನವನ್ನು ಕುರುಬರಿಗೂ ದೊಡ್ಡಿಯವರಿಗೂ ಒಟ್ಟಿಗೆ ಡಂಗುರ ಹೊಡೆಸಬೇಕು. ಒಂದೇ ವಾರದಲ್ಲಿ ಎರಡು ಮರಿಗಳು ಸತ್ತರೆ ಉಳಿದವನ್ನು ಗುಟ್ಟಾಗಿ ಸಂತೆಗೆ ಹೊಡೆಯುವುದನ್ನು ಹಿರಿಯರು ತಡೆಯಬೇಕು. 1962 ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಿದರೆ ಸಂಚಾರಿ ಪಶುವೈದ್ಯ ಘಟಕದ ನೆರವು ದೊರೆಯುತ್ತದೆ. ಸತ್ತ ಮರಿಯನ್ನು ಕಾಲುವೆಗೋ ಹಳ್ಳಕ್ಕೋ ಎಸೆಯದೆ, ವೈದ್ಯರು ನೋಡಿದ ಬಳಿಕ, ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸತಕ್ಕದ್ದು.