ಹೆದ್ದಾರಿ ಬಿಟ್ಟು ಮಳವಳ್ಳಿಗೆ ತಿರುಗಿದರೆ ಚಾರ್ಜರ್ ಎಲ್ಲಿ?

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ‘ಬೆಂಗಳೂರಿಂದ ಮೈಸೂರು ತಲುಪುತ್ತಾ?’ ಎಂಬುದು. ಆ ಅನುಮಾನಕ್ಕೆ ಈಗ ಅರ್ಥವಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ. 2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇ.ವಿ.ಯ 30.2 ಯೂನಿಟ್ ಬ್ಯಾಟರಿಯೇ ಅಷ್ಟು ದೂರಕ್ಕೆ ಸಾಕು. ಈಗ ಕೇಳಬೇಕಾದ ಪ್ರಶ್ನೆ ಬೇರೆ: ಮದ್ದೂರಿನಲ್ಲಿ ಎಡಕ್ಕೆ ತಿರುಗಿ ಮಳವಳ್ಳಿ ದಾರಿ ಹಿಡಿದರೆ ಗತಿಯೇನು?

ಸಣ್ಣ ಊರುಗಳ ನಡುವಿನ ಓಡಾಟಕ್ಕೇ ಈ ಕಾರು ಹೆಚ್ಚು ಒಗ್ಗುತ್ತದೆ. ಗಂಟೆಗೆ 80 ಕಿ.ಮೀ. ಬದಲು 100 ಕಿ.ಮೀ. ವೇಗದಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹೆದ್ದಾರಿಯಲ್ಲಿ ಬ್ಯಾಟರಿ ಬೇಗ ಇಳಿಯುವುದು ಅದರಿಂದಲೇ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ, ಊರಿಗೊಂದು ಹಂಪ್ ದಾಟುತ್ತ ಸಾಗುವ ದಾರಿಯಲ್ಲಿ ವೇಗವೂ ಕಡಿಮೆ, ಖರ್ಚಾಗುವ ಕರೆಂಟೂ ಕಡಿಮೆ. ಬ್ರೇಕ್ ಹಾಕಿದಾಗಲೆಲ್ಲ ಒಂದಿಷ್ಟು ಶಕ್ತಿ ಬ್ಯಾಟರಿಗೆ ವಾಪಸಾಗುತ್ತದೆ. ಮಂಡ್ಯದಲ್ಲಿ ಮನೆ, ಮಳವಳ್ಳಿಯಲ್ಲಿ ನೌಕರಿ ಇರುವವರು ದಿನಾ ಹೋಗಿ ಬಂದರೂ ನೂರು ಕಿ.ಮೀ. ದಾಟುವುದಿಲ್ಲ. ರಾತ್ರಿ ಮನೆಯ 15 ಆ್ಯಂಪ್ ಸಾಕೆಟ್‌ಗೆ ಸಿಕ್ಕಿಸಿದರೆ ಬೆಳಿಗ್ಗೆಗೆ ಕಾರು ಸಿದ್ಧ. ಯೂನಿಟ್‌ಗೆ ಆರು ರೂಪಾಯಿ, ಆರು ಕಿ.ಮೀ. ಎಂದು ಹಿಡಿದರೂ ಕಿ.ಮೀ.ಗೆ ಬೀಳುವುದು ಒಂದೇ ರೂಪಾಯಿ.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ ನೂರೈವತ್ತಕ್ಕೂ ಹೆಚ್ಚು ಯೂನಿಟ್ ಕಾರಿಗೇ ಬೇಕು. ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಪೆಟ್ರೋಲ್ ಉಳಿಸಲು ಹೊರಟವರ ಮನೆಯ ಉಚಿತ ವಿದ್ಯುತ್ತೂ ಕೈತಪ್ಪುತ್ತದೆ. ವಾಹನ ಚಾರ್ಜಿಂಗ್‌ಗೆಂದೇ ವಿದ್ಯುತ್ ನಿಯಂತ್ರಣ ಆಯೋಗ ಪ್ರತ್ಯೇಕ ದರ ನಿಗದಿ ಮಾಡಿದೆ. ಮನೆಯಲ್ಲೇ ಚಾರ್ಜ್ ಮಾಡುವವರಿಗೂ ಬೇರೆ ಮೀಟರ್ ಸಲೀಸಾಗಿ ಸಿಗುವಂತಾದರೆ ಈ ಗೊಂದಲ ತಪ್ಪುತ್ತದೆ.

ಬಾಡಿಗೆ ಮನೆಯವರ ಪಾಡು, ದೂರದಿಂದ ಬರುವ ಪ್ರವಾಸಿಗರ ಪಾಡು ಇನ್ನೂ ಕಷ್ಟ. ಅವರಿಗೆ ಸಾರ್ವಜನಿಕ ಚಾರ್ಜರ್ ಬಿಟ್ಟರೆ ಬೇರೆ ದಾರಿಯಿಲ್ಲ. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದ ರಾಜ್ಯ ನಮ್ಮದು. ಆದರೂ ರಾಜ್ಯದ ಚಾರ್ಜಿಂಗ್ ಕೇಂದ್ರಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ.

ಮಳವಳ್ಳಿ ತಾಲ್ಲೂಕಿಗೆ ಈ ಅನುಭವ ಹೊಸದೇನಲ್ಲ. 1902ರಲ್ಲಿ ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದ್ದೂ ಅದರಿಂದಲೇ. ಊರಿನ ನೀರಿನಿಂದ ಹುಟ್ಟಿದ ಕರೆಂಟಿಗಾಗಿ ಸುತ್ತಲ ಹಳ್ಳಿಗಳು ಬಹುಕಾಲ ಕಾಯಬೇಕಾಯಿತು. ಚಾರ್ಜರ್ ವಿಚಾರದಲ್ಲೂ ಹಾಗಾಗಬೇಕೆ?

ಊರೊಳಗೆ ಚಾರ್ಜರ್ ಬಂದರೆ ಮದ್ದೂರಿನ ವ್ಯಾಪಾರಿಗಳಿಗಂತೂ ಲಾಭವೇ ಇದೆ. ಬೈಪಾಸ್ ಬಂದ ಮೇಲೆ ಕಾರುಗಳು ಊರೊಳಗೆ ಬಾರದೆ ವಡೆ, ಕಾಫಿ ವ್ಯಾಪಾರ ಕುಸಿಯಿತೆಂಬುದು ಹೋಟೆಲ್‌ನವರ ಹಳೆಯ ದೂರು. ವೇಗದ ಚಾರ್ಜರ್‌ಗೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಪೆಟ್ರೋಲ್ ಹಾಕಿಸಿಕೊಂಡು ಐದು ನಿಮಿಷಕ್ಕೆ ಹೊರಡುವ ಗಿರಾಕಿಗಿಂತ, ಅಷ್ಟು ಹೊತ್ತು ಕಾಯುವ ಗಿರಾಕಿ ಹೋಟೆಲಿಗೆ ಒಳ್ಳೆಯವನಲ್ಲವೇ? ಚಾರ್ಜರ್ ಹೆದ್ದಾರಿಯ ಅಂಚಿನಲ್ಲಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತದೆ. ಹಳೆಯ ರಸ್ತೆಯಲ್ಲಿದ್ದರೆ ಊರಿಗೆ ಬರುತ್ತದೆ.

ಹಾಗೆಂದು ಬರೀ ಯಂತ್ರ ನಿಲ್ಲಿಸಿ ರಿಬ್ಬನ್ ಕತ್ತರಿಸಿದರೆ ಸಾಲದು. ಕೆಟ್ಟರೆ ರಿಪೇರಿ ಮಾಡುವವರು, ಮಳೆಗೆ ಸೂರು, ರಾತ್ರಿ ಬೆಳಕು, ಶೌಚಾಲಯ ಇಲ್ಲದ ಕಡೆ ಕುಟುಂಬದೊಂದಿಗೆ ಯಾರೂ ಒಂದು ಗಂಟೆ ಕಾಯುವುದಿಲ್ಲ. ಆ್ಯಪ್‌ನಲ್ಲಿ ‘ಲಭ್ಯ’ ಎಂದು ತೋರಿಸಿದ ಚಾರ್ಜರ್ ಹೋಗಿ ನೋಡಿದಾಗಲೂ ಕೆಲಸ ಮಾಡುತ್ತಿರಬೇಕು.

ಮಂಡ್ಯ ಜಿಲ್ಲೆಗೆ ವಿದ್ಯುತ್ ಪೂರೈಸುವ ಸೆಸ್ಕ್, ಸ್ಥಳೀಯ ಸಂಸ್ಥೆಗಳು ಮತ್ತು ಪ್ರವಾಸೋದ್ಯಮ ಇಲಾಖೆ ಕೂತು ಮಾತಾಡಿದರೆ ಇದು ದೊಡ್ಡ ಕೆಲಸವಲ್ಲ. ಮದ್ದೂರಿನ ಹಳೆಯ ರಸ್ತೆ, ಮಳವಳ್ಳಿಯ ಬಸ್ ನಿಲ್ದಾಣ, ಶಿವನಸಮುದ್ರದ ಗಗನಚುಕ್ಕಿ ಜಲಪಾತದ ವಾಹನ ನಿಲುಗಡೆ ತಾಣ — ಈ ಮೂರು ಕಡೆ ಸದಾ ಕೆಲಸ ಮಾಡುವ ವೇಗದ ಚಾರ್ಜರ್‌ಗಳನ್ನು ಮುಂದಿನ ಪ್ರವಾಸಿ ಹಂಗಾಮಿನೊಳಗೆ ಖಾತ್ರಿಪಡಿಸಲಿ.