ಮೊದಲು ಬೆಂಗಳೂರು, ಆಮೇಲೆ ಬಾನ್

ವಿದೇಶದಲ್ಲಿ ಓದುವ ಮಾತು ಬಂದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನವರಿಗೆ ಚಳಗೇರಿ ನೆನಪಾಗದೇ ಇರದು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಆ ಊರಿನವನು. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಅಂದು ಹೇಳಿದ್ದು ದೇಶದಾದ್ಯಂತ ಚರ್ಚೆಯಾಯಿತು. ಆ ಸಂಕಟದ ಹಿಂದಿದ್ದ ಲೆಕ್ಕ ಇಷ್ಟೇ: ನಮ್ಮ ಖಾಸಗಿ ಕಾಲೇಜಿನ ಎಂಬಿಬಿಎಸ್‌ಗಿಂತ ಉಕ್ರೇನಿನ ಎಂಬಿಬಿಎಸ್ ಅಗ್ಗ. ಎಂಜಿನಿಯರಿಂಗ್ ಬೇಡ, ಗಣಿತವನ್ನೇ ಓದುತ್ತೇನೆ ಎಂದು ಹಟ ಹಿಡಿಯುವ ಮಗನೋ ಮಗಳೋ ಇರುವ ಮನೆಯವರು ಅದೇ ಲೆಕ್ಕವನ್ನು ಗಣಿತಕ್ಕೂ ಹಚ್ಚಿದರೆ ದಾರಿ ತಪ್ಪುತ್ತಾರೆ. ವೈದ್ಯಕೀಯದಲ್ಲಿ ಒಳ್ಳೆಯ ಸೀಟು ಇಲ್ಲಿ ದುಬಾರಿ, ಹೊರಗೆ ಅಗ್ಗ. ಗಣಿತದಲ್ಲಿ ಇದು ಪೂರ್ತಿ ತಲೆಕೆಳಗು. ಆದ್ದರಿಂದ ಯಾವ ದೇಶ ಎನ್ನುವುದಕ್ಕಿಂತ ಯಾವಾಗ ಹೋಗಬೇಕು ಎಂಬ ಪ್ರಶ್ನೆ ದೊಡ್ಡದು. ಪದವಿ ಇಲ್ಲೇ ಮುಗಿಸಿ, ಆಮೇಲೆ ಹೋಗುವುದೇ ಸರಿ ಎಂಬುದು ನನ್ನ ವಾದ.

ಜರ್ಮನಿಯ ಬಾನ್ ವಿಶ್ವವಿದ್ಯಾಲಯವನ್ನೇ ನೋಡಿ. ಫೀಲ್ಡ್ಸ್ ಪದಕ ಪಡೆದ ಪೀಟರ್ ಶೋಲ್ಜ಼ ಅಲ್ಲಿನ ಪ್ರಾಧ್ಯಾಪಕರು, ಅದೇ ಊರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಗಣಿತ ಸಂಸ್ಥೆಯೂ ಇದೆ. ಬೋಧನಾ ಶುಲ್ಕ ಇಲ್ಲ ಎಂದ ಕೂಡಲೇ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಅಲ್ಲಿ ಪದವಿ ತರಗತಿಯ ಪಾಠ ನಡೆಯುವುದು ಜರ್ಮನ್ ಭಾಷೆಯಲ್ಲಿ. ನಮ್ಮ ದ್ವಿತೀಯ ಪಿಯುಸಿಯೊಂದನ್ನೇ ನೆಚ್ಚಿ ನೇರ ಪ್ರವೇಶ ಕೇಳುವಂತಿಲ್ಲ. ಜೆಇಇ ಅಡ್ವಾನ್ಸ್ಡ್ ದಾಟಿರಬೇಕು, ಇಲ್ಲವೇ ಇಲ್ಲಿನ ಪದವಿಯಲ್ಲಿ ಒಂದು ವರ್ಷ ಪಾಸಾಗಿರಬೇಕು, ಅದೂ ಇಲ್ಲದಿದ್ದರೆ ಅವರ ಪೂರ್ವಸಿದ್ಧತಾ ಕಾಲೇಜಿನಲ್ಲಿ ಓದಬೇಕು. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋ, ಅಂದರೆ ಹತ್ತಿರ ಹತ್ತಿರ ಹನ್ನೆರಡು ಲಕ್ಷ ರೂಪಾಯಿಯನ್ನು ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು. ಇದೇ ಬಾನ್‌ಗೆ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೋದರೆ ಪಾಠ ಇಂಗ್ಲಿಷಿನಲ್ಲಿ. ಪ್ರಾಧ್ಯಾಪಕರು ಅವರೇ, ಗ್ರಂಥಾಲಯ ಅದೇ. ಬ್ರಿಟನ್ನಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಕೇಂಬ್ರಿಜ್‌ನಲ್ಲಿ ಗಣಿತ ಪದವಿ ಓದಲು ಹೊರದೇಶದವರು ಕಟ್ಟುವ ವಾರ್ಷಿಕ ಶುಲ್ಕವೇ 25 ಸಾವಿರ ಪೌಂಡ್ ಮೀರುತ್ತದೆ, ಊಟ ವಸತಿ ಬೇರೆ. ಅಮೆರಿಕದಲ್ಲಿ ಪದವಿಗೆ ಮನೆಯವರು ದುಡ್ಡು ಸುರಿಯಬೇಕು. ಪಿಎಚ್‌ಡಿಗೆ ಹೋದವರಿಗೆ ಹೆಚ್ಚಿನ ಗಣಿತ ವಿಭಾಗಗಳು ಶುಲ್ಕ ಮನ್ನಾ ಮಾಡಿ, ಪಾಠಕ್ಕೆ ನೆರವಾಗುವ ಕೆಲಸ ಕೊಟ್ಟು, ಸಂಬಳದಂಥದೊಂದು ಮೊತ್ತವನ್ನೂ ಕೊಡುತ್ತವೆ. ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸಿಗುವುದೂ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ, ಪದವಿಗಲ್ಲ. ಎಲ್ಲ ಕಡೆಯ ದುಡ್ಡೂ ಎರಡನೆಯ ಮೆಟ್ಟಿಲ ಮೇಲೆ ಕೂತಿರುವಾಗ ಮೊದಲನೆಯದಕ್ಕೇ ಹೊಲ ಅಡವಿಡುವುದು ಏಕೆ?

ಹೊಲ ಅಡವಿಡುವುದು ಎಂದದ್ದೂ ಮಾತಿಗೆ. ಉತಾರ ಹಿಡಿದು ಬ್ಯಾಂಕಿಗೆ ಹೋದರೆ ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಭದ್ರತೆಯಾಗಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪೇಟೆಯಲ್ಲಿ ಮನೆಯೋ ನಿವೇಶನವೋ ಕೇಳುತ್ತಾರೆ. ಇನ್ನು ವರಮಾನ. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಹೆಸರು ದೇಶ ದಾಟಿತು. ಆದರೂ 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಪೇಟೆಯಲ್ಲಿ ದರ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಪೇಟೆ ದಿನದಲ್ಲಿ ಹೀಗೆ ಮಗುಚಬಲ್ಲ ಆದಾಯವನ್ನು ನಂಬಿ ಮೂರು ನಾಲ್ಕು ವರ್ಷ ಪೌಂಡು ಡಾಲರುಗಳಲ್ಲಿ ಕಂತು ಕಟ್ಟುತ್ತೇವೆ ಎನ್ನುವುದು ಧೈರ್ಯವಲ್ಲ.

ಹಾಗಾದರೆ ಇಲ್ಲಿ ಏನಿದೆ? ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐಎಸ್ಐ) ಬಿ.ಮ್ಯಾಥ್ ಇದೆ, ಅಲ್ಲಿ ಬೋಧನಾ ಶುಲ್ಕ ಕೇಳದೆ ತಿಂಗಳಿಗಿಷ್ಟೆಂದು ವಿದ್ಯಾರ್ಥಿವೇತನ ಕೊಟ್ಟು ಓದಿಸುವುದು ನಡೆದುಬಂದ ಪದ್ಧತಿ. ಚೆನ್ನೈ ಗಣಿತ ಸಂಸ್ಥೆ, ಅಂದರೆ ಸಿಎಂಐ ಇದೆ. ಶುಲ್ಕವಿದ್ದರೂ ಮನ್ನಾ ಉಂಟು. ಐಐಎಸ್‌ಸಿಯಲ್ಲಿ 2011ರಲ್ಲಿ ಶುರುವಾದ ಪದವಿ ಕೋರ್ಸಿನಲ್ಲೂ ಗಣಿತವನ್ನೇ ಮುಖ್ಯ ವಿಷಯ ಮಾಡಿಕೊಳ್ಳಬಹುದು. ಇವು ಅಗ್ಗದ ಬದಲಿ ವ್ಯವಸ್ಥೆಗಳಲ್ಲ. ಝಾರಿಸ್ಕಿ ಹೆಸರಿನ ಪ್ರಸಿದ್ಧ ಸಮಸ್ಯೆಯ ಮೇಲಿನ ಕೆಲಸಕ್ಕೆ ಹೆಸರಾಗಿ, 2021ರ ರಾಮಾನುಜನ್ ಪ್ರಶಸ್ತಿ ಪಡೆದ ನೀನಾ ಗುಪ್ತಾ ಪದವಿಯಿಂದ ಪಿಎಚ್‌ಡಿವರೆಗೆ ಓದಿದ್ದು ಕೋಲ್ಕತ್ತದಲ್ಲೇ. ಇಲ್ಲಿ ಓದಿ ಆಮೇಲೆ ಹೊರಗೆ ಹೋಗುವುದು ಹಿಂದಿನವರ ದಾರಿಯೂ ಆಗಿತ್ತು. ಗೋಕಾಕ ತಾಲ್ಲೂಕಿನ ಡಿ.ಸಿ. ಪಾವಟೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಮೇಲೆ ಕೇಂಬ್ರಿಜ್‌ಗೆ ಹೋಗಿ, ಗಣಿತದಲ್ಲಿ ಮೊದಲ ದರ್ಜೆ ಪಡೆದು ರ‍್ಯಾಂಗ್ಲರ್ ಆದರು, ತಿರುಗಿ ಬಂದು 1954ರಿಂದ 67ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಗಣಿತದ ಮಾತಲ್ಲದಿದ್ದರೂ ನಮ್ಮ ಸವಣೂರಿನ ವಿ.ಕೃ. ಗೋಕಾಕರೂ ಇಲ್ಲಿ ಓದಿ, ಪಾಠ ಹೇಳಿ, ಆಮೇಲೇ ಆಕ್ಸ್‌ಫರ್ಡಿಗೆ ಹೋದದ್ದು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಐಎಸ್ಐ, ಸಿಎಂಐ ಸೀಟು ಬೆರಳೆಣಿಕೆಯವು, ಹಾವೇರಿ ಜಿಲ್ಲೆಯ ಹುಡುಗರಿಗೆ ಅವು ಎಲ್ಲಿ ಸಿಕ್ಕಾವು ಎಂಬುದು. ಸೀಟು ಕಡಿಮೆ, ಒಪ್ಪೋಣ. ಆದರೆ ನಮ್ಮ ಮಕ್ಕಳನ್ನು ತಡೆಯುವುದು ಸಂಖ್ಯೆಗಿಂತ ಹೆಚ್ಚಾಗಿ ಪ್ರಶ್ನೆಯ ಬಗೆ. ಒಂದು ಉದಾಹರಣೆ: ಒಂದರ ಹಿಂದೊಂದು ಬರುವ ಯಾವುದೇ ನಾಲ್ಕು ಪೂರ್ಣಾಂಕಗಳನ್ನು ಗುಣಿಸಿ ಒಂದು ಕೂಡಿಸಿದರೆ ಪೂರ್ಣ ವರ್ಗ ಬರುತ್ತದೆ, ಸಾಧಿಸಿ. ನಾಲ್ಕು ಆಯ್ಕೆಯ ಪ್ರಶ್ನೆಗೆ ಪಳಗಿದ ಕೈ 1, 2, 3, 4 ಹಾಕಿ ನೋಡುತ್ತದೆ; 25 ಬಂತು, 5ರ ವರ್ಗ. 2, 3, 4, 5 ಹಾಕಿದರೆ 121, ಅದು 11ರ ವರ್ಗ. ಉತ್ತರ ಸರಿ, ಮುಂದಿನ ಪ್ರಶ್ನೆಗೆ ನಡೆ. ಸಾಧಿಸಬೇಕಾದವರು ಅಲ್ಲಿಗೆ ನಿಲ್ಲುವಂತಿಲ್ಲ. ತುದಿಯ ಎರಡನ್ನು ಗುಣಿಸಿದರೆ ಬರುವುದಕ್ಕಿಂತ ನಡುವಿನ ಎರಡನ್ನು ಗುಣಿಸಿದರೆ ಬರುವುದು ಯಾವಾಗಲೂ ಸರಿಯಾಗಿ ಎರಡು ಹೆಚ್ಚು ಎಂಬುದನ್ನು ಕಾಣಬೇಕು. ಆ ಎರಡು ಗುಣಲಬ್ಧಗಳ ಮಧ್ಯದ ಸಂಖ್ಯೆಯನ್ನು ಮ ಎಂದು ಕರೆದರೆ ಒಟ್ಟು ಗುಣಲಬ್ಧ ಮ ವರ್ಗಕ್ಕಿಂತ ಒಂದು ಕಡಿಮೆ. ಒಂದು ಕೂಡಿಸಿದರೆ ಮ ವರ್ಗವೇ. ಇದರಲ್ಲಿ ಪಿಯುಸಿ ಮೀರಿದ್ದು ಏನೂ ಇಲ್ಲ. ಎಸ್ಎಸ್ಎಲ್‌ಸಿಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಪ್ರಮೇಯ ಬರೆದ ಮಕ್ಕಳೇ ಇವರು. ಆಮೇಲೆ ಎರಡು ವರ್ಷ ಸಿಇಟಿ, ಜೆಇಇ, ನೀಟ್ ಎಂದು ಗಡಿಯಾರ ಹಿಡಿದು ಗುರುತು ಹಾಕಿಸಿ ಆ ಅಭ್ಯಾಸವನ್ನು ನಾವೇ ಮರೆಸುತ್ತೇವೆ. ಐಎಸ್ಐ ಮತ್ತು ಸಿಎಂಐ ಪರೀಕ್ಷೆಗಳ ಒಂದು ಭಾಗ ಇಂಥ ಬರವಣಿಗೆಯನ್ನೇ ಕೇಳುತ್ತದೆ, ಕೇಂಬ್ರಿಜ್‌ನ ಸ್ಟೆಪ್ ಪರೀಕ್ಷೆಯೂ ಕೇಳುತ್ತದೆ. ವಿಮಾನ ಹತ್ತಿದರೆ ಈ ಕೊರತೆ ನೀಗುವುದಿಲ್ಲ.

ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವು ಕಡೆ ಹೊರದೇಶದ ಬಡ ವಿದ್ಯಾರ್ಥಿಗೂ ಪೂರ್ತಿ ನೆರವು ಸಿಗುತ್ತದಲ್ಲ ಎಂದು ಕೇಳಬಹುದು. ನಿಜ, ಅರ್ಜಿ ನೋಡುವಾಗ ಅವರು ಮನೆಯ ಆದಾಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಯ್ಕೆಯಾದ ಮೇಲೆ ಅಗತ್ಯವಿದ್ದಷ್ಟು ಕೊಡುತ್ತಾರೆ. ಒಲಿಂಪಿಯಾಡ್‌ನಲ್ಲಿ ಮೇಲಿನ ಹಂತ ಮುಟ್ಟಿದ ಮಗು ಧಾರಾಳವಾಗಿ ಅರ್ಜಿ ಹಾಕಲಿ, ಸಿಕ್ಕರೆ ಹೋಗಲಿ, ಆ ಮಗುವಿಗೆ ನನ್ನ ವಾದ ಅನ್ವಯಿಸುವುದಿಲ್ಲ. ಆದರೆ ಇಂಥ ವಿಶ್ವವಿದ್ಯಾಲಯಗಳು ಬೆರಳೆಣಿಕೆಯವು. ಕನ್ಸಲ್ಟೆನ್ಸಿಯವರ ಕರಪತ್ರದಲ್ಲಿ ಕಾಣುವ ಹೆಸರುಗಳು ಬೇರೆ.

ಇಲ್ಲಿನ ದೊಡ್ಡ ಸಂಸ್ಥೆ ಯಾವುದೂ ಸಿಗದವರ ಗತಿ? ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲೋ ರಾಣೆಬೆನ್ನೂರಿನ ಬಿ.ಎಸ್ಸಿ. ತರಗತಿಯಲ್ಲೋ ಕೂತು, 1993ರಿಂದ ಪದವಿ ಹಂತದವರಿಗೆ ಗಣಿತದ ಬೇಸಿಗೆ ಶಿಬಿರ ನಡೆಸುತ್ತಿರುವ ಎಂಟಿಟಿಎಸ್‌ಗೆ ಅರ್ಜಿ ಹಾಕಿ, ಮುಂದೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಯ ಎಂ.ಎಸ್ಸಿ.ಗೋ ಐಐಎಸ್‌ಸಿಯ ಸಂಯೋಜಿತ ಪಿಎಚ್‌ಡಿಗೋ ಹೋಗಬಹುದು. ಸುತ್ತುದಾರಿ, ನಿಧಾನದ ದಾರಿ. ಆದರೆ ನಡುವೆ ಗಣಿತ ಬೇಡವೆನಿಸಿದರೆ ಮನೆಯ ಮೇಲೆ ಮೂವತ್ತು ಲಕ್ಷದ ಸಾಲ ಇರುವುದಿಲ್ಲ. ಹದಿನೇಳರ ಹರೆಯದಲ್ಲಿ ಮಾಡಿದ ಆಯ್ಕೆಯನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯ ಸಣ್ಣದಲ್ಲ.

ಕನ್ನಡ ಮಾಧ್ಯಮದವರ ತೊಡಕು ಮಾತ್ರ ಬೇರೆಯದೇ. ಐಎಸ್ಐ, ಸಿಎಂಐ ಪ್ರವೇಶ ಪರೀಕ್ಷೆಗಳೂ ಇಂಗ್ಲಿಷಿನಲ್ಲೇ ನಡೆಯುತ್ತವೆ, ಅದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪಿಯು ಕಾಲೇಜುಗಳ ಗಣಿತ ಉಪನ್ಯಾಸಕರು ವಾರಕ್ಕೊಂದು ಸಂಜೆ ಆಸಕ್ತ ಏಳೆಂಟು ಮಕ್ಕಳನ್ನು ಕೂಡಿಸಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಸಾಧನೆ ಬರೆಸಿದರೆ ಅರ್ಧ ಕೆಲಸ ಆದೀತು. ಐಎಸ್ಐ, ಸಿಎಂಐ ಎರಡರ ಹಳೆಯ ಪ್ರಶ್ನೆಪತ್ರಿಕೆಗಳೂ ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಐಎಸ್ಐ ಅರ್ಜಿಯ ಕಾಲ ಮಾತ್ರ ಅದಕ್ಕೂ ಮುಂಚೆ, ದ್ವಿತೀಯ ಪಿಯು ಪರೀಕ್ಷೆಯ ಗಡಿಬಿಡಿಯಲ್ಲೇ ಬಂದು ಹೋಗಿಬಿಡುತ್ತದೆ. ಫಲಿತಾಂಶ ನೋಡಿ ಆಮೇಲೆ ಯೋಚಿಸೋಣ ಎಂದವರಿಗೆ ಒಂದು ವರ್ಷ ಹೋಯಿತೆಂದೇ ಲೆಕ್ಕ.